‘ಅಣ್ಣಾ, ಇದು ನಿಜಾನಾ?’: ಬಂದ ಪ್ರಶ್ನೆಗಳಲ್ಲಿ ಯಾವುದನ್ನು ಎತ್ತಿಕೊಳ್ಳಬೇಕು, ನಾವೇ ತಪ್ಪಿದಾಗ ಹೇಗೆ ತಿದ್ದಬೇಕು

ಜುಲೈ ತಿಂಗಳ ಒಂದು ಸಂಜೆ. ಹಾಸನದಲ್ಲಿ ಜಡಿಮಳೆ, ಘಾಟ್ ಕಡೆ ಅದಕ್ಕಿಂತ ಜಾಸ್ತಿ. ಆರೂ ಕಾಲರ ಹೊತ್ತಿಗೆ, ಹರಿದಾಡುವ ಮೆಸೇಜ್ ನಿಜವೋ ಸುಳ್ಳೋ ನೋಡಿ ಹೇಳುವ ನಮ್ಮ ಸಣ್ಣ ತಂಡದ ವಾಟ್ಸಾಪ್ ನಂಬರಿಗೆ ಒಂದೇ ಕಾಗದದ ಫೋಟೊ ಹನ್ನೊಂದು ಜನರಿಂದ ಬಂತು. ಜಿಲ್ಲಾಧಿಕಾರಿಗಳ ಆದೇಶ. ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳ ಶಾಲೆಗಳಿಗೆ ನಾಳೆ ರಜೆ. ಕೆಳಗೆ ಎಲ್ಲರದ್ದೂ ಒಂದೇ ಪ್ರಶ್ನೆ: ‘ಅಣ್ಣಾ, ಇದು ನಿಜಾನಾ?’

ಫೋಟೊ ದೊಡ್ಡದು ಮಾಡಿ ನೋಡಿದೆವು. ದಿನಾಂಕದ ಅಂಕಿಗಳು ಉಳಿದ ಅಕ್ಷರಗಳಿಗಿಂತ ಒಂಚೂರು ದಪ್ಪ. ಇಸವಿಯ ಕೊನೆಯ ಅಂಕಿ ಸಾಲು ಬಿಟ್ಟು ಕೆಳಗೆ ಜಾರಿತ್ತು. ಹಿಂದಿನ ವರ್ಷದ ಆದೇಶ ನಮ್ಮ ಹತ್ತಿರವೇ ಇತ್ತು. ಪಕ್ಕಕ್ಕಿಟ್ಟು ನೋಡಿದರೆ ಆದೇಶದ ಸಂಖ್ಯೆ ಅದೇ, ಸಹಿಯ ಮೇಲೆ ಹಾದುಹೋದ ಮಡಿಕೆಯ ಗೆರೆಯೂ ಅದೇ. ಏಳು ಗಂಟೆಗೆ ‘ನಕಲಿ ಆದೇಶ, ನಾಳೆ ರಜೆ ಇಲ್ಲ’ ಎಂದು ಕೆಂಪು ಕಾರ್ಡ್, ಅಂದರೆ ಗ್ರೂಪುಗಳಲ್ಲಿ ಹಂಚುವ ಚಿತ್ರ, ಮಾಡಿ ಬಿಟ್ಟೆವು. ಪತ್ತೆ ಮಾಡಿದ ಖುಷಿಯಲ್ಲಿ ಬೇಗ ಮಲಗಿಯೂ ಬಿಟ್ಟೆವು.

ರಾತ್ರಿ ಹತ್ತರ ಸುಮಾರಿಗೆ ನಿಜವಾದ ರಜೆ ಆದೇಶ ಬಂತು. ಬೆಳಿಗ್ಗೆ ಒಬ್ಬ ತಾಯಿಯ ವಾಯ್ಸ್ ಮೆಸೇಜ್: ‘ನಿಮ್ ಮೆಸೇಜ್ ನಂಬ್ಕಂಡು ಹುಡುಗುನ್ನ ಕಳಿಸ್ದೆ ಕಣಣ್ಣ. ಸ್ಕೂಲ್ ಗೇಟಿಗೆ ಬೀಗ. ಪೂರ್ತಿ ನೆನ್ಕಂಡ್ ಬಂದವ್ನೆ.’

ಕಾಗದ ನಕಲಿ ಎಂದದ್ದು ಸರಿ. ರಜೆ ಇಲ್ಲ ಎಂದದ್ದು ತಪ್ಪು. ನೋಡಿದ್ದು ಕಾಗದವನ್ನು, ಹೇಳಿದ್ದು ನಾಳೆಯ ಬಗ್ಗೆ. ಈ ಕೆಲಸದಲ್ಲಿ ನಾನು ಕಲಿತದ್ದರಲ್ಲಿ ಅರ್ಧ ಪಾಠ ಆ ಹುಡುಗ ನೆನೆದದ್ದರಿಂದ ಬಂದದ್ದು. ತಮ್ಮ ಊರಿನಲ್ಲಿ, ತಾಲ್ಲೂಕಿನಲ್ಲಿ ಸತ್ಯಶೋಧನೆ, ಅಂದರೆ ಫ್ಯಾಕ್ಟ್‌ಚೆಕ್, ಶುರು ಮಾಡಬೇಕು ಎನ್ನುವ ಕಾಲೇಜು ಹುಡುಗರಿಗೆ, ಪತ್ರಕರ್ತರಿಗೆ, ಗ್ರೂಪ್ ಅಡ್ಮಿನ್‌ಗಳಿಗೆ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ಬಂದದ್ದನ್ನೆಲ್ಲ ಒಂದು ಪುಸ್ತಕಕ್ಕೆ ಏರಿಸಿ

ಎಕ್ಸೆಲ್ ಆದರೂ ಸರಿ, ಅಂಗಡಿಯ ಉದ್ದ ಲೆಡ್ಜರ್ ಆದರೂ ಸರಿ. ನಮ್ಮದು ಲೆಡ್ಜರ್. ಬಂದ ದಿನ, ಗಂಟೆ, ಯಾವ ತಾಲ್ಲೂಕಿನಿಂದ, ಎಲ್ಲಿ ನೋಡಿದ್ದು, ಒಂದೇ ವಿಷಯ ಎಷ್ಟು ಜನ ಕಳಿಸಿದರು, ನಾವು ಏನು ಮಾಡಿದೆವು. ಕಳಿಸಿದವರ ಹೆಸರು, ನಂಬರ್ ಇದರಲ್ಲಿ ಬೇಡ. ಹಳ್ಳಿಯಲ್ಲಿ ‘ಯಾರು ಕೇಳಿದ್ದು’ ಎಂದು ಗೊತ್ತಾದರೆ ಸಾಕು, ಮಾರನೇ ದಿನ ಜಗಳ. ಪ್ರಕಟಿಸುವಾಗಲೂ ‘ಓದುಗರೊಬ್ಬರು’ ಎಂದಷ್ಟೇ ಬರೆಯಿರಿ.

ಅವರೇ ತೆಗೆದ ಫೋಟೊ, ವಿಡಿಯೋಗಳನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಲು ಕೇಳಿ. ಮಾಮೂಲಿಯಾಗಿ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸುತ್ತದೆ, ಸಣ್ಣ ಅಕ್ಷರ ಕಲಸಿಹೋಗುತ್ತವೆ. ಬೇರೆಯವರಿಂದ ಬಂದದ್ದಾದರೆ ಸ್ಕ್ರೀನ್‌ಶಾಟ್ ಬೇಡ, ಬಂದ ಮೆಸೇಜನ್ನೇ ಫಾರ್ವರ್ಡ್ ಮಾಡಿ ಎನ್ನಿ. ಏಕೆಂದರೆ ಮೇಲಿನ ಬಾಣದ ಗುರುತು ನಮಗೆ ಬೇಕು. ಒಂದು ಬಾಣವಿದ್ದರೆ ಫಾರ್ವರ್ಡ್ ಆದದ್ದು ಅಷ್ಟೇ. ಎರಡು ಬಾಣವಿದ್ದರೆ ಐದು ಕೈ ದಾಟಿ ಬಂದದ್ದು. ಎರಡು ಬಾಣದ ಗುರುತು ಬಂದದ್ದು 2019ರಲ್ಲಿ. 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಲು ಆಗುತ್ತದೆ. ಅಷ್ಟಾದರೂ ನಮ್ಮ ಕೈಗೆ ಬಂದಿದೆ ಎಂದರೆ ಅದು ಎಷ್ಟು ಓಡುತ್ತಿದೆ ನೋಡಿ.

ಹೆಜ್ಜೆ 2: ಒಂದೊಂದು ಮಾತನ್ನೂ ಬೇರೆ ಮಾಡಿ

ಜನ ಕಳಿಸುವುದು ಗಂಟು. ಅದರಲ್ಲಿ ನಾಲ್ಕೈದು ಮಾತು ಒಟ್ಟಿಗೆ ಕಟ್ಟಿರುತ್ತವೆ. ಬಿಚ್ಚದೆ ಪರಿಶೀಲನೆಗೆ ಕೂತರೆ ದಾರಿ ತಪ್ಪುವುದು ಗ್ಯಾರಂಟಿ.

2025ರ ಜೂನ್ ಕೊನೆ, ಜುಲೈ ಮೊದಲ ವಾರ ನೆನಪಿದೆಯಲ್ವಾ? ‘ಹಾಸನದಲ್ಲಿ 40 ದಿನಕ್ಕೆ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಸತ್ತರು, ಎಲ್ಲ ಲಸಿಕೆಯಿಂದ’ ಎಂಬ ಮೆಸೇಜ್ ನಮ್ಮ ಜಿಲ್ಲೆಯ ಪ್ರತಿ ಫೋನಿಗೂ ಬಂತು. ಹೆದರಿದ ಜನ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನಿಂದ ಸಾಲು ನಿಂತರು. ಆ ಒಂದು ಸಾಲಿನ ಮೆಸೇಜಿನಲ್ಲಿ ನಾಲ್ಕು ಮಾತಿವೆ. ಇಷ್ಟು ಜನ ಸತ್ತರು. ಎಲ್ಲರೂ ಹೃದಯಾಘಾತದಿಂದಲೇ ಸತ್ತರು. ಇದು ಮಾಮೂಲಿಗಿಂತ ಜಾಸ್ತಿ. ಕಾರಣ ಲಸಿಕೆ.

ಮೊದಲನೆಯದು ಎಣಿಕೆ. ಎರಡನೆಯದಕ್ಕೆ ವೈದ್ಯಕೀಯ ದಾಖಲೆ ಬೇಕು. ಮೂರನೆಯದರಲ್ಲೇ ಎಲ್ಲರೂ ಎಡವಿದ್ದು. 2011ರ ಜನಗಣತಿಯಂತೆ 17.76 ಲಕ್ಷ ಜನ ಇರುವ ಜಿಲ್ಲೆ ನಮ್ಮದು. ಇಷ್ಟು ಜನರಲ್ಲಿ 40 ದಿನಕ್ಕೆ ಮಾಮೂಲಿಯಾಗಿ ಎಷ್ಟು ಹೃದಯಾಘಾತ ಆಗುತ್ತವೆ ಎಂದು ಕೇಳದೆ ‘ಜಾಸ್ತಿ’ ಎನ್ನಲು ಬರುವುದಿಲ್ಲ. ನಾಲ್ಕನೆಯದಕ್ಕೆ ತಜ್ಞರ ಅಧ್ಯಯನವೇ ಬೇಕು, ನಮ್ಮಂಥವರ ಕೈಲಿ ಆಗುವುದಲ್ಲ. ಸರ್ಕಾರ ಜಯದೇವ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ಸಮಿತಿ ಮಾಡಿತು. ಅವರು ನೋಡಿದ 24 ಸಾವುಗಳಲ್ಲಿ ಹೃದಯ ಸಂಬಂಧಿ ಎಂದು ಹೇಳಿದ್ದು 20. ಹಠಾತ್ ಸಾವಿಗೂ ಕೋವಿಡ್ ಲಸಿಕೆಗೂ ಸಂಬಂಧ ಕಂಡುಬಂದಿಲ್ಲ ಎಂದೂ ಹೇಳಿದರು.

ಸಮಿತಿಯ ವರದಿ ಬರುವ ಮೊದಲೇ ‘ಸುಳ್ಳು’ ಎಂದು ಮುದ್ರೆ ಒತ್ತಿದ್ದರೆ? ಸಾವುಗಳು ನಿಜ. ಮನೆಯಲ್ಲಿ ಹೆಣ ಕಂಡವರ ಮುಂದೆ ‘ಸುಳ್ಳು’ ಎಂದರೆ ಆಮೇಲೆ ನಾವು ಹೇಳುವ ಯಾವ ಮಾತೂ ಅವರ ಕಿವಿಗೆ ಹೋಗುವುದಿಲ್ಲ. ಗಂಟು ಬಿಚ್ಚಿದರೆ ‘ಇದು ನಿಜ, ಇದಕ್ಕೆ ಪುರಾವೆ ಇಲ್ಲ’ ಎಂದು ಬೇರೆಬೇರೆ ಹೇಳಬಹುದು.

ಹೆಜ್ಜೆ 3: ಆರು ಪ್ರಶ್ನೆ ಕೇಳಿ

2007ರಲ್ಲಿ ಶುರುವಾದ ಅಮೆರಿಕದ ಪಾಲಿಟಿಫ್ಯಾಕ್ಟ್ ಸಂಸ್ಥೆ ರಾಜಕಾರಣಿಗಳ ಮಾತನ್ನು ಪರಿಶೀಲನೆಗೆ ಆರಿಸುವಾಗ ಐದು ಪ್ರಶ್ನೆ ಕೇಳಿಕೊಳ್ಳುತ್ತದೆ. ನಮ್ಮ ಮಾತಲ್ಲಿ ಹೇಳುವುದಾದರೆ ಹೀಗೆ. ಇದು ಪರೀಕ್ಷಿಸಿ ನೋಡಬಹುದಾದ ಸಂಗತಿಯೇ? ಕೇಳಿದರೆ ತಪ್ಪು, ದಾರಿ ತಪ್ಪಿಸುವಂಥದ್ದು ಅನ್ನಿಸುತ್ತದೆಯೇ? ವಿಷಯ ಮುಖ್ಯವಾದದ್ದೇ? ಬಾಯಿಂದ ಬಾಯಿಗೆ ಹೋಗುವಂಥದ್ದೇ? ಸಾಮಾನ್ಯ ಮನುಷ್ಯ ಕೇಳಿ ‘ಹೌದಾ?’ ಅನ್ನುತ್ತಾನೆಯೇ?

ಒಳ್ಳೆಯ ಜರಡಿ. ಇದರಲ್ಲಿ ಬಹಳಷ್ಟು ಉದುರಿಹೋಗುತ್ತದೆ. ‘ಮುಂದಿನ ವಾರ ಕಾಫಿ ರೇಟು ಬೀಳುತ್ತೆ, ಈಗಲೇ ಮಾರಿ’ ಎಂಬುದು ಭವಿಷ್ಯ. ಪರಿಶೀಲಿಸಲು ಅಲ್ಲಿ ಏನೂ ಇಲ್ಲ. ಅದೇ ‘ಇವತ್ತು ಪಾರ್ಚ್‌ಮೆಂಟ್ ಕಾಫಿ 50 ಕೆ.ಜಿ. ಮೂಟೆಗೆ ಇಷ್ಟು’ ಎಂದರೆ ನೋಡಬಹುದು. ‘ಆ ಶಾಸಕರು ಏನೂ ಕೆಲಸ ಮಾಡಿಲ್ಲ’ ಎಂಬುದು ಅಭಿಪ್ರಾಯ. ‘ಈ ರಸ್ತೆಗೆ ಇಷ್ಟು ಕೋಟಿ ಬಿಡುಗಡೆ ಆಗಿದೆ’ ಎಂಬುದು ಸಂಗತಿ. ಜ್ಯೋತಿಷ್ಯ, ತಮಾಷೆ, ಗಂಡ ಹೆಂಡಿರ ಜಗಳ, ಬೇಲಿ ಜಗಳ ಬೇಡ. ಬೇಲಿ ಜಗಳದ ಪಹಣಿ ಕಳಿಸಿ ‘ಇದು ಅಸಲಿಯಾ ನೋಡಿ’ ಎಂದವರು ನಮಗೆ ಸಿಕ್ಕಿದ್ದಾರೆ. ನಯವಾಗಿ ನಾಡಕಚೇರಿ ದಾರಿ ತೋರಿಸಿದೆವು.

ಕೆಲವು ವಿಷಯ ಮುಖ್ಯವೇ, ಆದರೆ ನಮ್ಮ ಕೈಗೆ ಎಟುಕುವುದಿಲ್ಲ. 2023ರ ಡಿಸೆಂಬರ್ 4ರಂದು ದಸರಾ ಆನೆ ಅರ್ಜುನ ಸಕಲೇಶಪುರ ತಾಲ್ಲೂಕಿನ ಯಸಳೂರು ಭಾಗದಲ್ಲಿ ಕಾಡಾನೆ ಕಾರ್ಯಾಚರಣೆ ವೇಳೆ ಸತ್ತಾಗ, ಅದಕ್ಕೆ ಗುಂಡು ತಗುಲಿತ್ತು ಎಂಬ ಮಾತು ಹರಡಿತು. ಅಂಥದ್ದಕ್ಕೆ ಸ್ಥಳದಲ್ಲಿದ್ದವರ ಹೇಳಿಕೆ, ದಾಖಲೆ, ತಿಂಗಳುಗಟ್ಟಲೆ ಓಡಾಟ ಬೇಕು. ಹಾಸನದಲ್ಲಿ ಕೂತು ಫೋನಿನಲ್ಲಿ ಅರ್ಧ ದಿನದಲ್ಲಿ ಬಿಡಿಸುವಂಥದ್ದಲ್ಲ. ಲೆಡ್ಜರಿನಲ್ಲಿ ‘ಬಾಕಿ’ ಎಂದು ಬರೆದು ಪಕ್ಕಕ್ಕಿಡಿ.

ಆರನೇ ಪ್ರಶ್ನೆ ನಮ್ಮದು. ಲೆಡ್ಜರಿನ ಅಟ್ಟೆಯ ಮೇಲೆ ಮಾರ್ಕರ್‌ನಲ್ಲಿ ಬರೆದಿಟ್ಟಿದ್ದೇವೆ: ‘ನಾವು ತಪ್ಪಿದರೆ ಮಳೇಲಿ ನೆನೆಯೋರು ಯಾರು?’

ಹೆಜ್ಜೆ 4: ಯಾವುದು ಮೊದಲು?

ಎಷ್ಟು ಜನ ಕಳಿಸಿದರು ಎಂಬುದನ್ನಷ್ಟೇ ನೋಡಿ ಸಾಲು ನಿಲ್ಲಿಸಬೇಡಿ. ಒಂದೇ ಪಕ್ಷದ ಗ್ರೂಪಿನವರು ಮಾತಾಡಿಕೊಂಡು ಒಂದೇ ಪೋಸ್ಟನ್ನು ಐವತ್ತು ಸಲ ಕಳಿಸುವುದುಂಟು. ಎದುರು ಪಕ್ಷದ ಸುಳ್ಳನ್ನೇ ನಮ್ಮಿಂದ ಹಿಡಿಸುವ ಉಪಾಯ. ಅವರು ಕಳಿಸಿದ್ದು ಸುಳ್ಳೇ ಆಗಿರಬಹುದು, ಆದರೂ ನಾವು ಅವರ ಆಳುಗಳಾಗಬಾರದು. ತಿಂಗಳಿಗೊಮ್ಮೆ ಲೆಡ್ಜರ್ ತಿರುವಿ, ಯಾರ ಕಡೆಯದ್ದು ಎಷ್ಟು ಎತ್ತಿಕೊಂಡೆವು ನೋಡಿ. ಎರಡೂ ಕಡೆ ಸಮ ಇರಬೇಕು ಎಂದೇನೂ ಇಲ್ಲ, ಸುಳ್ಳು ಯಾವಾಗಲೂ ಸಮ ಪಾಲಾಗಿ ಹುಟ್ಟುವುದಿಲ್ಲ. ಆದರೆ ಒಂದೇ ಕಡೆ ವಾಲಿದ್ದರೆ ಏಕೆ ಎಂದು ಹೇಳಲು ಬರಬೇಕು.

ಜೀವಕ್ಕೆ ಸಂಬಂಧಪಟ್ಟದ್ದು ಮೊದಲು. 2018ರಲ್ಲಿ ‘ಮಕ್ಕಳ ಕಳ್ಳರು ಬಂದಿದ್ದಾರೆ’ ಎಂಬ ವದಂತಿ ಇಡೀ ದೇಶ ಸುತ್ತಿತು. ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೋ ನಮ್ಮ ಕಡೆಯೂ ಬಂದಿತ್ತು. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗೆ ಮಾಡಿದ್ದ ವಿಡಿಯೋ. ಕೊನೆಯಲ್ಲಿ ಅವರೇ ವಾಪಸ್ ಬಂದು ಮಗುವನ್ನು ಬಿಟ್ಟು ಫಲಕ ತೋರಿಸುತ್ತಾರೆ. ಆ ಭಾಗ ಕತ್ತರಿಸಿ ಹರಿಬಿಟ್ಟಿದ್ದರು. ಆ ವರ್ಷದ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಇಂಥ ವದಂತಿ ನಂಬಿದ ಗುಂಪು ಹೈದರಾಬಾದಿನಿಂದ ಬಂದಿದ್ದ ಒಬ್ಬ ಸಾಫ್ಟ್‌ವೇರ್ ಇಂಜಿನಿಯರನ್ನು ಹೊಡೆದು ಕೊಂದಿತು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡ್‌ಗೆ ಐದು ಚಾಟ್‌ಗಳ ಮಿತಿ ಹಾಕಿತು. ಇಂಥ ಮೆಸೇಜ್ ಬಂದರೆ ಉಳಿದ ಕೆಲಸ ಬಿಟ್ಟು ಕೂರಬೇಕು.

ಎಚ್ಚರಿಕೆಯ ಮೆಸೇಜುಗಳದ್ದೇ ಬೇರೆ ಕಥೆ. ‘ಬಿಕ್ಕೋಡು ರಸ್ತೆಯಲ್ಲಿ ಆನೆ ಹಿಂಡು’ ಎಂದು ಒಂದು ವಿಡಿಯೋ ಬಂತು. ಹುಡುಕಿದರೆ ಹಳೇ ವಿಡಿಯೋ. ‘ಸುಳ್ಳು’ ಎಂದು ಬಿಡುವುದು ಸುಲಭ. ಆದರೆ ನಮ್ಮ ಆ ಮಾತು ನಂಬಿ ಬೆಳಗಿನ ಜಾವ ತೋಟದ ಕೆಲಸಕ್ಕೆ ನಡೆದು ಹೋಗುವ ಹೆಂಗಸರ ಎದುರು ಆನೆ ನಿಂತಿದ್ದರೆ? ವಿಡಿಯೋ ಹಳೇದಾದ ಮಾತ್ರಕ್ಕೆ ಆನೆ ಇಲ್ಲ ಎಂದಾಗುವುದಿಲ್ಲ. ನಾವು ಬರೆದದ್ದು: ‘ಈ ವಿಡಿಯೋ ಇವತ್ತಿನದ್ದಲ್ಲ. ಆದರೆ ಆನೆ ಇಲ್ಲ ಎಂದು ನಾವು ಹೇಳುತ್ತಿಲ್ಲ. ಇವತ್ತು ಆನೆ ಎಲ್ಲಿದೆ ಎಂಬುದಕ್ಕೆ ಅರಣ್ಯ ಇಲಾಖೆಯ ಆನೆ ಕಾರ್ಯಪಡೆ ಕಳಿಸುವ ಸಂದೇಶ ನೋಡಿ.’ ಭಯ ಹುಟ್ಟಿಸುವ ಸುಳ್ಳಿಗಿಂತ ಧೈರ್ಯ ಕೊಡುವ ಸುಳ್ಳು ಎಷ್ಟೋ ಸಲ ಜಾಸ್ತಿ ಅಪಾಯ. ಹಾಗಾಗಿ ಎಚ್ಚರಿಕೆಯೊಂದನ್ನು ‘ಸುಳ್ಳು’ ಎನ್ನಲು ನಮ್ಮಲ್ಲಿ ಇಬ್ಬರ ಒಪ್ಪಿಗೆ ಬೇಕು.

ಹೆಜ್ಜೆ 5: ಎತ್ತಿಕೊಳ್ಳದಿದ್ದರೂ ಉತ್ತರ ಕೊಡಿ

‘ನೋಡಿದ್ದೇವೆ, ಸದ್ಯಕ್ಕೆ ಆಗುವುದಿಲ್ಲ, ಕಾರಣ ಇದು’ ಎಂದು ಒಂದು ಸಾಲು ಸಾಕು. ಬೇರೆಯವರು ಮೊದಲೇ ಪರಿಶೀಲಿಸಿದ್ದರೆ ಅದರ ಲಿಂಕ್ ಕೊಡಿ. ಗೂಗಲ್‌ನ ಫ್ಯಾಕ್ಟ್‌ಚೆಕ್ ಎಕ್ಸ್‌ಪ್ಲೋರರ್‌ನಲ್ಲಿ ಹುಡುಕಬಹುದು. ನ್ಯೂಸ್‌ಚೆಕರ್‌ನಂಥವರು ಕನ್ನಡದಲ್ಲೂ ಬರೆಯುತ್ತಾರೆ. ಎಐನಿಂದ ಮಾಡಿದ ದನಿ, ವಿಡಿಯೋ ಎಂದು ಅನುಮಾನವಿದ್ದರೆ ಡೀಪ್‌ಫೇಕ್ ಅನಾಲಿಸಿಸ್ ಯೂನಿಟ್ ಎಂಬ ತಂಡ 2024ರ ಮಾರ್ಚ್‌ನಲ್ಲಿ ಶುರು ಮಾಡಿದ ವಾಟ್ಸಾಪ್ ಸಹಾಯವಾಣಿ ಇದೆ. ಅಂಥದ್ದರಲ್ಲಿ ನಾವೇ ಪಂಡಿತರಾಗಲು ಹೋಗುವುದಿಲ್ಲ.

ಹೆಜ್ಜೆ 6: ಪರಿಶೀಲಿಸಿ, ಗಂಟೆ ಹಾಕಿ ಪ್ರಕಟಿಸಿ

ಪರಿಶೀಲನೆಯ ವಿದ್ಯೆ ಬೇರೆ ಲೇಖನಕ್ಕೇ ಆಗುವಷ್ಟಿದೆ. ಎರಡೇ ಮಾತು ಹೇಳುತ್ತೇನೆ.

ಅಧಿಕಾರಿ ಅಲ್ಲಗಳೆದರು ಎಂದ ಮಾತ್ರಕ್ಕೆ ಸುಳ್ಳು ಎಂದು ತೀರ್ಮಾನಿಸಬೇಡಿ. ಕೇಂದ್ರ ಸರ್ಕಾರದ ಪತ್ರಿಕಾ ಮಾಹಿತಿ ಕಚೇರಿ ಪಿಐಬಿಯಲ್ಲೂ 2019ರಿಂದ ಫ್ಯಾಕ್ಟ್‌ಚೆಕ್ ವಿಭಾಗ ಇದೆ. ಆದರೆ ಸರ್ಕಾರದ ಬಗ್ಗೆ ಸರ್ಕಾರ ಹೇಳುವುದು ಒಂದು ಕಡೆಯ ಹೇಳಿಕೆ. ಅದಕ್ಕೆ ದಾಖಲೆ ಕೇಳಿ.

ಇನ್ನೊಂದು, ಕಾರ್ಡಿನ ಮೇಲೆ ಗಂಟೆ ಬರೆಯಿರಿ. ಆ ರಜೆ ಕಾರ್ಡನ್ನು ಈಗ ಮಾಡುವುದಾದರೆ ಹೀಗೆ ಬರೆಯುತ್ತೇವೆ: ‘ಈ ಆದೇಶದ ಪ್ರತಿ ಹಳೆಯದು, ದಿನಾಂಕ ತಿದ್ದಲಾಗಿದೆ. ಸಂಜೆ 7ರವರೆಗೆ ಹೊಸ ಆದೇಶ ಬಂದಿಲ್ಲ. ರಾತ್ರಿ ಬರಬಹುದು. ಬೆಳಿಗ್ಗೆ ಶಾಲೆಯವರನ್ನು ಕೇಳಿಯೇ ಮಕ್ಕಳನ್ನು ಕಳಿಸಿ.’ ನೋಡಲು ಅಷ್ಟು ಖಡಕ್ ಇಲ್ಲ, ನಿಜ. ನಮ್ಮ ಹುಡುಗಿಯೊಬ್ಬಳು ‘ಇದನ್ನ ಯಾರೂ ಫಾರ್ವರ್ಡ್ ಮಾಡಲ್ಲ’ ಎಂದು ಮುಖ ಸಪ್ಪೆ ಮಾಡಿಕೊಂಡಿದ್ದಳು.

ಹೆಜ್ಜೆ 7: ತಪ್ಪು ಎಂದು ಯಾರಾದರೂ ಹೇಳಿದಾಗ

ಪ್ರತಿ ಕಾರ್ಡಿನ ಕೆಳಗೂ ‘ಇದರಲ್ಲಿ ತಪ್ಪಿದ್ದರೆ ಈ ನಂಬರಿಗೆ ತಿಳಿಸಿ’ ಎಂದಿರಲಿ. ದೂರು ಬಂದಾಗ, ಆ ಕಾರ್ಡ್ ಮಾಡಿದವರು ಅದನ್ನು ವಿಚಾರಿಸಬಾರದು. ಬೇರೆಯವರು ನೋಡಬೇಕು. ಮಾಡಿದವರಿಗೆ ತಮ್ಮದೇ ಸರಿ ಎನ್ನಿಸುವುದು ಸಹಜ, ಅಲ್ವಾ? ದಿ ಹಿಂದೂ ಪತ್ರಿಕೆ 2006ರಲ್ಲಿ ಓದುಗರ ಸಂಪಾದಕ ಎಂಬ ಹುದ್ದೆ ಮಾಡಿದ್ದರ ಹಿಂದೆ ಇದ್ದದ್ದೂ ಇದೇ ಯೋಚನೆ. ಬರೆದವರು ಬೇರೆ, ದೂರು ಕೇಳುವವರು ಬೇರೆ. ನಮ್ಮಲ್ಲಿ ಆ ಕೆಲಸ ನಿವೃತ್ತ ಮೇಷ್ಟ್ರೊಬ್ಬರದ್ದು. ಕೆಂಪು ಪೆನ್ನು ಅವರ ಜೇಬಿನಲ್ಲಿ ಮೊದಲಿಂದಲೂ ಇತ್ತು.

ಒಮ್ಮೆ ‘ಹಿಮಾಚಲದ್ದು’ ಎಂದು ಗುಡ್ಡ ಕುಸಿದ ವಿಡಿಯೋ ಬಂತು. ‘ಇದು ಹಿಮಾಚಲದ್ದಲ್ಲ, ನಮ್ಮದೇ ಬಿಸಿಲೆ ಘಾಟಿನದ್ದು’ ಎಂದು ಬರೆದೆವು. ಅರ್ಧ ಗಂಟೆಯಲ್ಲಿ ಒಂದು ಎಸ್ಟೇಟಿನ ರೈಟ್ರು ಫೋನ್ ಮಾಡಿದರು. ‘ಬಿಸಿಲೆ ರೋಡು ಅಷ್ಟು ಅಗಲ ಎಲ್ಲಿದೆ ಸಾರ್? ಎಡಗಡೆ ತಡೆಗೋಡೆ ನೋಡಿ. ಇದು ಹೈವೇ, ದೋಣಿಗಾಲ್ ಹತ್ರ.’ ಮತ್ತೆ ನೋಡಿದೆವು. ರಸ್ತೆಯ ಅಗಲ, ಗೋಡೆ, ಹಿಂದೆ ನಿಂತ ಲಾರಿಗಳ ಸಾಲು, ಎಲ್ಲ ಅವರು ಹೇಳಿದಂತೆಯೇ. ಶಿರಾಡಿ ಘಾಟ್ ಕಡೆ ಹೋಗುವ ಹೆದ್ದಾರಿ ಅದು. ಅವರು ದಿನಾ ಓಡಾಡುವ ದಾರಿ, ನಾವು ಮ್ಯಾಪಿನಲ್ಲಿ ನೋಡಿದ್ದು.

ಎಲ್ಲ ದೂರೂ ಸರಿ ಇರುವುದಿಲ್ಲ. ಕೆಲವರಿಗೆ ಫಲಿತಾಂಶವೇ ಇಷ್ಟವಾಗಿರುವುದಿಲ್ಲ. ಅವರಿಗೆ ಪುರಾವೆ ಕಳಿಸಿ, ‘ಇದಕ್ಕೆ ವಿರುದ್ಧ ದಾಖಲೆ ಇದ್ದರೆ ಕೊಡಿ’ ಎನ್ನಿ. ಫೋನಿನಲ್ಲಿ ಗದರುವವರು ಸಿಗುತ್ತಾರೆ. ‘ಬರೆದು ಕಳಿಸಿ’ ಎಂದರೆ ಮುಕ್ಕಾಲು ಪಾಲು ಅಲ್ಲಿಗೇ ನಿಲ್ಲುತ್ತದೆ. ಬರೆದು ಕಳಿಸಿದವರಿಗೆ ಬರೆದೇ ಉತ್ತರ ಕೊಡಿ.

ಹೆಜ್ಜೆ 8: ಎಂಥ ತಪ್ಪು ಎಂದು ಗುರುತಿಸಿ

ಅಕ್ಷರ ತಪ್ಪನ್ನು ಸುಮ್ನೆ ಸರಿಮಾಡಿ, ಡಂಗುರ ಬೇಡ. ಊರು, ದಿನಾಂಕ, ಸಂಖ್ಯೆ, ಹೆಸರು ತಪ್ಪಿದ್ದರೆ ಅದು ‘ತಿದ್ದುಪಡಿ’, ತಪ್ಪಾಗಿದೆ ಎಂದು ಬರೆದೇ ಸರಿಮಾಡಬೇಕು. ನಾವು ಬರೆದಾಗ ಸರಿ ಇದ್ದು ಆಮೇಲೆ ಹೊಸದು ಬಂದಿದ್ದರೆ ಅದು ‘ಹೊಸ ಮಾಹಿತಿ’. ‘ಸುಳ್ಳು’ ಎಂದದ್ದು ‘ನಿಜ’ ಆಗುವುದಾದರೆ ಹಳೆಯದನ್ನು ಓದಲು ಸಿಗುವಂತೆ ಉಳಿಸಿ, ಮೇಲೆ ಗುರುತು ಹಾಕಿ, ಹೊಸದಾಗಿ ಬರೆಯಿರಿ.

ಇಲ್ಲಿ ಒಂದು ಕಳ್ಳದಾರಿ ಇದೆ. ನಮ್ಮ ರಜೆ ಕಾರ್ಡಿಗೆ ‘ಹೊಸ ಮಾಹಿತಿ’ ಎಂದು ಹಾಕಿ ತಪ್ಪಿಸಿಕೊಳ್ಳಬಹುದಿತ್ತು. ಆದೇಶ ಬಂದದ್ದು ಆಮೇಲೆ ತಾನೆ? ಆದರೆ ‘ನಾಳೆ ರಜೆ ಇಲ್ಲ’ ಎಂದು ಹೇಳಲು ಏಳು ಗಂಟೆಗೂ ನಮ್ಮ ಹತ್ತಿರ ಆಧಾರ ಇರಲಿಲ್ಲ. ಹಾಗಾಗಿ ಅದು ತಪ್ಪೇ. ಮೇಷ್ಟ್ರು ಇದರಲ್ಲಿ ಒಂದಿಂಚೂ ಬಿಡಲಿಲ್ಲ.

ಇಂಟರ್‌ನ್ಯಾಷನಲ್ ಫ್ಯಾಕ್ಟ್‌ಚೆಕಿಂಗ್ ನೆಟ್‌ವರ್ಕ್ ಎಂಬ ಜಾಲ 2015ರಲ್ಲಿ ಶುರುವಾಯಿತು. 2016ರಲ್ಲಿ ಅವರು ತಂದ ಐದು ನಿಯಮಗಳಲ್ಲಿ ಕೊನೆಯದು ತಿದ್ದುಪಡಿಯ ಬಗ್ಗೆ. ನೀತಿಯನ್ನು ಮೊದಲೇ ಪ್ರಕಟಿಸಿರಬೇಕು, ತಿದ್ದಿದ್ದು ಮುಚ್ಚುಮರೆ ಇಲ್ಲದೆ ಕಾಣಬೇಕು. ನಾಲ್ಕು ಜನರ ತಂಡವಾದರೂ ಅರ್ಧ ಪುಟದ ನೀತಿ ಬರೆದಿಡಿ.

ಹೆಜ್ಜೆ 9: ತಪ್ಪು ಹೋದ ದಾರಿಯಲ್ಲೇ ತಿದ್ದುಪಡಿಯನ್ನೂ ಕಳಿಸಿ

ವಾಟ್ಸಾಪ್‌ನಲ್ಲಿ ಕಳಿಸಿದ ಮೆಸೇಜನ್ನು 15 ನಿಮಿಷದೊಳಗೆ ತಿದ್ದಬಹುದು. ಎಲ್ಲರ ಫೋನಿನಿಂದ ಅಳಿಸಲು ಸುಮಾರು ಎರಡು ದಿನ ಅವಕಾಶ ಇದೆ. ಎರಡರಿಂದಲೂ ದೊಡ್ಡ ಪ್ರಯೋಜನ ಇಲ್ಲ. ಅಷ್ಟರಲ್ಲಿ ಫಾರ್ವರ್ಡ್ ಆಗಿ ಹೋದ ಪ್ರತಿ ಬದಲಾಗುವುದಿಲ್ಲ. ಅಳಿಸಿದರಂತೂ ಇನ್ನೂ ಕಷ್ಟ. ಜನರ ಕೈಲಿ ತಪ್ಪು ಕಾರ್ಡ್ ಇರುತ್ತದೆ, ತಾಳೆ ನೋಡಲು ನಮ್ಮಲ್ಲಿ ಏನೂ ಇರುವುದಿಲ್ಲ. ನಾವು ಅಳಿಸುವುದಿಲ್ಲ.

ಹೊಸ ಕಾರ್ಡ್ ಮಾಡಿ. ಹಳೇ ಕಾರ್ಡಿನ ಸಣ್ಣ ಚಿತ್ರ ಅದರಲ್ಲೇ ಇರಲಿ, ಮೇಲೆ ಅಡ್ಡಗೆರೆ ಇರಲಿ. ನೋಡಿದವರಿಗೆ ‘ಓ, ನಾನು ಕಳಿಸಿದ್ದು ಇದೇ’ ಎಂದು ಹೊಳೆಯಬೇಕು. ಹಳೆಯದನ್ನು ಯಾವ ಯಾವ ಗ್ರೂಪಿಗೆ ಹಾಕಿದ್ದೆವು ಎಂಬ ಪಟ್ಟಿ ಲೆಡ್ಜರಿನಲ್ಲಿ ಇರುತ್ತದೆ. ಒಂದೂ ಬಿಡದೆ ಅಲ್ಲಿಗೆಲ್ಲ ಕಳಿಸಿ. ಸ್ಟೇಟಸ್‌ನಲ್ಲಿ ತಪ್ಪು ಹಾಕಿದ್ದರೆ ತಿದ್ದಿದ್ದನ್ನೂ ಸ್ಟೇಟಸ್‌ನಲ್ಲೇ ಹಾಕಿ.

ಅಂದು ಬೆಳಿಗ್ಗೆ ನಾವು ಕಳಿಸಿದ್ದು ಇದು:

‘ತಿದ್ದುಪಡಿ, ಬೆಳಿಗ್ಗೆ 9.10. ನಿನ್ನೆ ಸಂಜೆ 7ಕ್ಕೆ “ನಾಳೆ ರಜೆ ಇಲ್ಲ” ಎಂದು ಹೇಳಿದ್ದೆವು. ಅದು ತಪ್ಪು. ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳ ಶಾಲೆಗಳಿಗೆ ಇಂದು ರಜೆ ಇದೆ. ನಮಗೆ ಬಂದ ಆದೇಶದ ಪ್ರತಿ ನಕಲಿಯೇ ಆಗಿತ್ತು. ಆದರೆ ಅದನ್ನಷ್ಟೇ ನೋಡಿ ರಜೆ ಇಲ್ಲ ಎಂದದ್ದು ನಮ್ಮ ತಪ್ಪು. ಮಕ್ಕಳನ್ನು ಕಳಿಸಿ ತೊಂದರೆಯಾದವರ ಕ್ಷಮೆ ಕೇಳುತ್ತೇವೆ. ತಿಳಿಸಿದ ಓದುಗರಿಗೆ ಧನ್ಯವಾದ.’

‘ಕಣ್ತಪ್ಪಿನಿಂದ’, ‘ತಾಂತ್ರಿಕ ಕಾರಣದಿಂದ’ ಎಂಬ ಮಾತುಗಳನ್ನು ಮೊದಲ ಕರಡಿನಲ್ಲಿ ನಾನೇ ಬರೆದಿದ್ದೆ. ಮೇಷ್ಟ್ರು ಎರಡನ್ನೂ ಹೊಡೆದರು. ‘ಯಾವ ತಾಂತ್ರಿಕ ಕಾರಣ? ನೀನು ಮಲಗಿದ್ದೆ’ ಎಂದರು.

ಕಳಿಸಿದ ಮೇಲೂ ಕೆಲಸ ಮುಗಿಯಲಿಲ್ಲ. ತಪ್ಪು ಕಾರ್ಡ್ ಮಧ್ಯಾಹ್ನದವರೆಗೂ ನಾವಿಲ್ಲದ ಗ್ರೂಪುಗಳಲ್ಲಿ ಓಡುತ್ತಲೇ ಇತ್ತು. ಆ ತಾಯಿಗೇ ಫೋನ್ ಮಾಡಿದೆ. ಬೈಗುಳ ಕೇಳಿಸಿಕೊಂಡೆ. ಆಮೇಲೆ ಅವರ ಊರಿನ ಸ್ತ್ರೀಶಕ್ತಿ ಸಂಘದ ಗ್ರೂಪಿಗೆ, ಶಾಲೆಯ ಪೋಷಕರ ಗ್ರೂಪಿಗೆ ತಿದ್ದುಪಡಿಯನ್ನು ಅವರೇ ಹಾಕಿದರು. ಈಗ ಪ್ರತಿ ತಾಲ್ಲೂಕಿಗೂ ಅಂಥ ಇಬ್ಬರು ಮೂವರು ಗೊತ್ತಿರುವವರನ್ನು ಇಟ್ಟುಕೊಂಡಿದ್ದೇವೆ. ತಪ್ಪಾದ ದಿನ ಮೊದಲ ಫೋನು ಅವರಿಗೆ ಹೋಗುತ್ತದೆ, ಕಾರ್ಡ್ ಆಮೇಲೆ.